ಬೆರಳು ದುಡಿದರೆ ಮುಂದೋಳು ಬಿಗಿಯುವುದೇಕೆ?

ಬೆರಳುಗಳನ್ನು ಮಡಚುವ ಸ್ನಾಯುಗಳು ಎಲ್ಲಿವೆ ಎಂದು ಕೇಳಿದರೆ ‘ಬೆರಳುಗಳಲ್ಲಿಯೇ’ ಎಂಬ ಉತ್ತರ ತಟ್ಟನೆ ಬರುತ್ತದೆ. ಸನ್ನೆಗಳ ಪಾಠ ಮಾಡುವಾಗ ನಾವು ಈ ಪ್ರಶ್ನೆಯನ್ನು ತರಗತಿಯ ಮುಂದಿಡುವುದುಂಟು. ವಿಜ್ಞಾನದ ವಿದ್ಯಾರ್ಥಿಗಳಿಂದಲೂ ದೊರೆಯುವ ಉತ್ತರ ಬಹುಮಟ್ಟಿಗೆ ಇದೇ. ವಾಸ್ತವವಾಗಿ ಬೆರಳುಗಳಲ್ಲಿ ಎಲುಬುಂಟು, ಕೀಲುಂಟು, ನರವುಂಟು, ರಕ್ತನಾಳವುಂಟು. ಅವುಗಳನ್ನು ಮಡಚಿ ಬಿಡಿಸುವ ಸ್ನಾಯು ಮಾತ್ರ ಇಲ್ಲ. ಅಂಗೈಯಲ್ಲಿ ಕೆಲವು ಸಣ್ಣ ಸ್ನಾಯುಗಳಿರುವುದು ನಿಜ. ಬೆರಳುಗಳನ್ನು ಅಗಲಿಸುವುದು, ಕೂಡಿಸುವುದು, ಹೆಬ್ಬೆರಳನ್ನು ತಿರುಗಿಸುವುದು ಮೊದಲಾದ ನವುರಾದ ಕೆಲಸಗಳು ಅವುಗಳ ಪಾಲಿಗೆ ಬಂದಿವೆ. ಹಿಡಿಯುವ, ಹಿಂಡುವ, ಎತ್ತುವ ಭಾರದ ಕೆಲಸದ ಹೆಚ್ಚಿನ ಪಾಲು ಮುಂದೋಳಿನದು. ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವಣ ಭಾಗದ್ದು.

ಇದನ್ನು ನಂಬುವುದಕ್ಕೆ ಪುಸ್ತಕ ಬೇಕಿಲ್ಲ. ಬಲಗೈಯ ತೋಳನ್ನು ಮೇಲೆ ಸರಿಸಿ, ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಕೆಳಗೆ, ಒಳಮೈಯ ಮೇಲೆ ಎಡಗೈಯ ಬೆರಳುಗಳನ್ನು ಮೆತ್ತಗೆ ಒತ್ತಿ ಹಿಡಿಯಿರಿ. ಈಗ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿರಿ. ಚರ್ಮದ ಕೆಳಗೆ ಏನೋ ಮಿಸುಕಿದಂತಾಗುತ್ತದೆ. ಸೂತ್ರದ ಬೊಂಬೆಯಾಟದಲ್ಲಿ ಕುಣಿಯುವುದು ಬೊಂಬೆ, ಕುಣಿಸುವ ಕೈ ಪರದೆಯ ಮೇಲಕ್ಕೆ. ಇಲ್ಲಿಯೂ ಹಾಗೆಯೇ. ಮುಂದೋಳಿನ ಸ್ನಾಯುಗಳು ಮಣಿಕಟ್ಟಿನ ಹತ್ತಿರ ಬರುವಾಗ ಸಪೂರವಾಗಿ ಹುರಿಯಂತಹ ಬಿಳಿಯ ಕಂಡರಗಳಾಗುತ್ತವೆ. ಕಂಡರಗಳು ಮಣಿಕಟ್ಟನ್ನು ದಾಟಿ, ಅಂಗೈಯನ್ನು ಹಾಯ್ದು, ಬೆರಳಿನ ಎಲುಬುಗಳಿಗೆ ಅಂಟಿಕೊಳ್ಳುತ್ತವೆ.

ಇಷ್ಟು ತಿಳಿದರೆ ದಿನನಿತ್ಯದ ಒಂದು ದೂರಿನ ಅರ್ಥವಾಗುತ್ತದೆ. ಬೆಳಗಾವಿಯ ಶಹಾಪುರ, ವಡಗಾವಿಗಳಲ್ಲಿ ಮಗ್ಗದ ಮುಂದೆ ನಿಂತು ಹರಿದ ಎಳೆಗಳನ್ನು ಗಂಟಿಕ್ಕುವವರು, ಊರಿನ ಹೆಸರು ಹೊತ್ತ ಕುಂದವನ್ನು ಮಾಡಲು ಹಾಲು ಇಂಗುವವರೆಗೂ ಬಾಣಲೆಯಲ್ಲಿ ಕೈಯಾಡಿಸುವವರು, ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ತಾಯಂದಿರು, ಖಾನಾಪುರದ ರಸ್ತೆಯಲ್ಲಿ ಕ್ಲಚ್ಚು ಹಿಡಿದು ಬಿಟ್ಟು ಪಟ್ಟಣಕ್ಕೆ ಬರುವ ಮೋಟಾರು ಸೈಕಲ್ಲಿನ ಸವಾರರು, ಮೂರು ಗಂಟೆ ಬಿಡದೆ ಬರೆಯುವ ಪರೀಕ್ಷಾರ್ಥಿಗಳು, ಇವರೆಲ್ಲರ ಕೈಯೂ ದುಡಿಯುವುದು ಬೆರಳಿನ ತುದಿಯಲ್ಲಿ, ಸೋಲುವುದು ಮುಂದೋಳಿನಲ್ಲಿ. ಮೊಬೈಲು ಹಿಡಿದು ಹೆಬ್ಬೆರಳಾಡಿಸುವ ಇಂದಿನ ತರುಣರನ್ನೂ ಈ ಸಾಲಿಗೆ ಸೇರಿಸಬಹುದು. ಬಿಗಿತ ಕಂಡಾಗ ನಮ್ಮ ಜನ ಸಾಮಾನ್ಯವಾಗಿ ಮಣಿಕಟ್ಟನ್ನು ತಿಕ್ಕುತ್ತಾರೆ, ಅಲ್ಲಿಗೇ ಮುಲಾಮು ಹಚ್ಚುತ್ತಾರೆ, ಅಲ್ಲಿಗೇ ಬಟ್ಟೆ ಬಿಗಿಯುತ್ತಾರೆ. ಎತ್ತು ದಣಿದಾಗ ನೊಗಕ್ಕೆ ನೀರು ಕುಡಿಸಿದಂತಾಯಿತು.

ಹಿಡಿತದಲ್ಲಿ ಇನ್ನೂ ಒಂದು ಸೋಜಿಗವಿದೆ. ಮುಷ್ಟಿ ಕಟ್ಟುವಾಗ ದುಡಿಯುವುವು ಒಳಮೈಯ ಸ್ನಾಯುಗಳು ಮಾತ್ರ ಎಂದು ತೋರುತ್ತದೆ. ಈಗ ಎಡಗೈಯನ್ನು ಬಲ ಮುಂದೋಳಿನ ಹೊರಮೈಯ ಮೇಲಿಟ್ಟು ಬಲಮುಷ್ಟಿಯನ್ನು ಬಿಗಿಯಿರಿ. ಹೊರಮೈಯೂ ಕಲ್ಲಾಗುತ್ತದೆ! ಕಾರಣ ಸರಳ. ಬೆರಳುಗಳನ್ನು ಮಡಚುವ ಕಂಡರಗಳು ಮಣಿಕಟ್ಟಿನ ಮೇಲೆ ಹಾದುಹೋಗುವುದರಿಂದ, ಅವು ಬೆರಳಿನೊಡನೆ ಮಣಿಕಟ್ಟನ್ನೂ ಒಳಕ್ಕೆ ಬಾಗಿಸಲು ಹವಣಿಸುತ್ತವೆ. ಮಣಿಕಟ್ಟು ಬಾಗಿದರೆ ಹಿಡಿತ ಸಡಿಲಾಗುತ್ತದೆ. ಆದುದರಿಂದ ಹೊರಮೈಯ ಸ್ನಾಯುಗಳು ಹಿಂದಕ್ಕೆ ಜಗ್ಗಿ ಅದನ್ನು ನೆಟ್ಟಗೆ ನಿಲ್ಲಿಸಬೇಕು. ಹಗ್ಗಜಗ್ಗಾಟದಲ್ಲಿ ಎರಡು ಪಕ್ಷಗಳೂ ಬೆವರು ಸುರಿಸಿದರೂ ಹಗ್ಗ ನಿಂತಲ್ಲಿಯೇ ನಿಲ್ಲುವಂತೆ, ಗಟ್ಟಿ ಹಿಡಿದ ಪೆನ್ನಿನ ಹಿಂದೆ ಎರಡು ದಳಗಳು ಸದ್ದಿಲ್ಲದೆ ಸೆಣಸುತ್ತಿರುತ್ತವೆ. ದಿನವೆಲ್ಲ ಹಿಡಿದು ಹಿಂಡಿದವರಿಗೆ ನೋವು ಎಷ್ಟೋ ಸಲ ಮೊಣಕೈಯ ಹೊರಬದಿಯಲ್ಲಿ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ. ಹೊರಮೈಯ ಸ್ನಾಯುಗಳಲ್ಲಿ ಹಲವು ಹುಟ್ಟುವುದು ಅಲ್ಲಿರುವ ಎಲುಬಿನ ಒಂದು ಗುಬುಟಿನಿಂದ.

ಈ ಸೆಣಸಾಟದ ಪ್ರಮಾಣವನ್ನು ಲೆಕ್ಕಮಾಡಿ ನೋಡಬಹುದು. ಅಂಗೈ ಕೆಳಮುಖವಾಗಿರುವಂತೆ ಕೈಚಾಚಿ ಒಂದು ಕಿಲೋಗ್ರಾಂ ತೂಕದ ಪುಸ್ತಕವನ್ನು ಹಿಡಿದಿದ್ದೇವೆ ಎನ್ನೋಣ. ಮಣಿಕಟ್ಟೇ ಇಲ್ಲಿ ಸನ್ನೆಯ ಆನಿಕೆ. ಪುಸ್ತಕದ ಭಾರ ಆನಿಕೆಯಿಂದ 8 ಸೆಂಟಿಮೀಟರ್ ದೂರದಲ್ಲಿದೆ. ಹೊರಮೈಯ ಕಂಡರವಾದರೋ ಆನಿಕೆಯಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೆ ಹಾಯುತ್ತದೆ. ಬಲ ಮತ್ತು ದೂರಗಳ ಗುಣಲಬ್ಧ ಎರಡು ಕಡೆಗೂ ಸಮನಾಗಬೇಕಷ್ಟೆ. ಎಂಟನ್ನು ಒಂದೂವರೆಯಿಂದ ಭಾಗಿಸಿದರೆ ಐದಕ್ಕೂ ಮಿಕ್ಕು. ಒಂದು ಕಿಲೋಗ್ರಾಮಿಗಾಗಿ ಸ್ನಾಯು ಐದು ಕಿಲೋಗ್ರಾಮಿಗಿಂತ ಹೆಚ್ಚಿನ ಸೆಳೆತವನ್ನು ಕೊಡಬೇಕಾಯಿತು. ಕೈಯದೇ ತೂಕವನ್ನೂ, ಪುಸ್ತಕ ಜಾರದಂತೆ ಹಿಡಿಯುವ ಬಲವನ್ನೂ ನಾವು ಇಲ್ಲಿ ಎಣಿಸಿಯೇ ಇಲ್ಲ. ಪ್ರಕೃತಿ ನಮ್ಮ ಕೈಯನ್ನು ವೇಗಕ್ಕಾಗಿ ಕಟ್ಟಿದೆ; ಬಲದ ಲೆಕ್ಕದಲ್ಲಿ ಅದು ನಷ್ಟದ ವ್ಯಾಪಾರ.

ನಷ್ಟವನ್ನು ತಗ್ಗಿಸುವ ಜಾಣ್ಮೆಯನ್ನು ಕಾಣಬೇಕಾದರೆ ಬೆಳಗಾವಿಯಿಂದ ಖಾನಾಪುರದ ಬಸ್ಸನ್ನೋ ರೈಲನ್ನೋ ಹಿಡಿಯಬೇಕು. ಮಲಪ್ರಭೆಯ ದಂಡೆಯ ಈ ಊರು ಮಡಕೆ, ಹೆಂಚು, ಇಟ್ಟಿಗೆಗಳಿಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆ ಇರುವುದೂ ಇಲ್ಲಿಯೇ. ತಿಗರಿಯ ನಡುವೆ ಜೇಡಿಮಣ್ಣಿನ ಮುದ್ದೆಯನ್ನು ಕೂಡಿಸಿದಾಗ ಅದು ಮೊದಲು ಸರಿಯಾಗಿ ಕೇಂದ್ರದಲ್ಲಿರುವುದಿಲ್ಲ. ತಿರುಗುತ್ತ ತಿರುಗುತ್ತ ಅದರ ಉಬ್ಬಿದ ಪಕ್ಕ ಪ್ರತಿ ಸುತ್ತಿಗೊಮ್ಮೆ ಕುಂಬಾರನ ಅಂಗೈಗೆ ಬಂದು ಗುದ್ದುತ್ತದೆ. ಸೆಕೆಂಡಿಗೆ ಎರಡು ಸುತ್ತು ಎಂದಿಟ್ಟುಕೊಂಡರೂ ನಿಮಿಷಕ್ಕೆ 120 ಗುದ್ದು. ಹೊಸದಾಗಿ ಕಲಿಯುವವನು ಮಣಿಕಟ್ಟನ್ನು ಬಾಗಿಸಿ ಬೆರಳುಗಳಿಂದ ಅದನ್ನು ತಡೆಯಲು ಹೋಗುತ್ತಾನೆ. ಹತ್ತು ನಿಮಿಷದಲ್ಲಿ ಅವನ ಮುಂದೋಳು ಸೋಲುತ್ತದೆ. ಪಳಗಿದವನು ಮೊಣಕೈಯನ್ನು ತೊಡೆಗೆ ಆನಿಸಿ, ಮಣಿಕಟ್ಟನ್ನು ಮುಂದೋಳಿನ ನೇರಕ್ಕೆ ಇಟ್ಟು, ಅಂಗೈಯ ಬುಡದಿಂದ ಮಣ್ಣನ್ನು ಒತ್ತುತ್ತಾನೆ. ಆಗ ಬಲದ ರೇಖೆ ಮಣಿಕಟ್ಟಿನ ಕೀಲಿನ ಮೂಲಕವೇ ಹಾಯ್ದು ಎಲುಬಿನಗುಂಟ ಮೊಣಕೈಗೆ ಇಳಿಯುತ್ತದೆ. ಆನಿಕೆಯಿಂದ ದೂರ ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ. ಸ್ನಾಯುವಿನ ಪಾಲಿಗೆ ಉಳಿಯುವ ಕೆಲಸ ಅತ್ಯಲ್ಪ. ಸನ್ನೆಯ ನಿಯಮವನ್ನು ಯಾವ ಪಠ್ಯಪುಸ್ತಕದಿಂದಲೂ ಓದದ ಕೈ ಅದನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸುವುದು ನಮಗೆ ಪ್ರತಿಸಲವೂ ಬೆರಗನ್ನುಂಟುಮಾಡುತ್ತದೆ. ಆದರೂ ಮಡಕೆಯ ಗೋಡೆಯನ್ನು ಎತ್ತುವಾಗ, ಬಾಯಿ ತಿದ್ದುವಾಗ ಬೆರಳುಗಳು ದುಡಿಯಲೇಬೇಕು. ದಿನದ ಕೊನೆಗೆ ಮುಂದೋಳು ಬಿಗಿಯುವುದನ್ನು ಜಾಣ್ಮೆ ತಗ್ಗಿಸೀತು, ಇಲ್ಲವಾಗಿಸದು.

ಹಾಗಾದರೆ ಬಿಗಿದ ಮುಂದೋಳನ್ನು ಹಿಗ್ಗಿಸಿ ಸಡಿಲಿಸುವುದು ಹೇಗೆ? ಮೊದಲು ಇನ್ನೊಂದು ಪ್ರಯೋಗ. ಮೊಣಕೈಯನ್ನು ಮೇಜಿನ ಮೇಲೆ ಊರಿ, ಕೈಯನ್ನು ಮೇಲಕ್ಕೆತ್ತಿ, ಬೆರಳುಗಳನ್ನು ಪೂರ್ತಿ ಸಡಿಲ ಬಿಡಿರಿ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಮುಂದಕ್ಕೆ ಬಾಗಿಸಿದರೆ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಯಾರೂ ಬೆರಳಿಗೆ ಅಪ್ಪಣೆ ಕೊಟ್ಟಿಲ್ಲ. ಒಂದೇ ಹುರಿ ಹಲವು ಕೀಲುಗಳನ್ನು ದಾಟುವುದರಿಂದ, ಒಂದು ಕೀಲಿನಲ್ಲಿ ಅದನ್ನು ಎಳೆದರೆ ಇನ್ನೊಂದು ಕೀಲು ಅದಕ್ಕೆ ಎಡೆಗೊಡುತ್ತದೆ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಮುಷ್ಟಿ ಬಿಗಿಯಲು ಯತ್ನಿಸಿದರೆ ಹಿಡಿತ ಎಷ್ಟು ದುರ್ಬಲವಾಗುತ್ತದೆ ಎಂಬುದನ್ನೂ ಇಲ್ಲಿಯೇ ಪರೀಕ್ಷಿಸಬಹುದು.

ಇದರಿಂದ ಒಂದು ಮುಖ್ಯವಾದ ಮಾತು ಹೊರಡುತ್ತದೆ. ಮುಂದೋಳಿನ ಸ್ನಾಯು ಹಿಗ್ಗಬೇಕಾದರೆ ಅದು ದಾಟುವ ಕೀಲುಗಳೆಲ್ಲ ಏಕಕಾಲಕ್ಕೆ ಅದನ್ನು ಎಳೆಯುವ ಸ್ಥಿತಿಯಲ್ಲಿರಬೇಕು. ಮಣಿಕಟ್ಟನ್ನು ಹಿಂದಕ್ಕೆ ಒತ್ತಿ ಬೆರಳುಗಳನ್ನು ಮಡಚಿಯೇ ಬಿಟ್ಟರೆ, ಬೆರಳನ್ನು ಮಡಚುವ ಸ್ನಾಯು ನುಣುಚಿಕೊಳ್ಳುತ್ತದೆ. ಮೊಣಕೈಗಿಂತ ಮೇಲಿನ ಎಲುಬಿನಿಂದ ಹುಟ್ಟುವ ಸ್ನಾಯುಗಳಾದರೆ, ಮೊಣಕೈ ಮಡಚಿದ್ದಾಗ ಸಡಿಲಾಗಿಯೇ ಉಳಿಯುತ್ತವೆ. ಕೈಯನ್ನು ಹಾಗೂ ಹೀಗೂ ತಿರುವಿ ಲಟಿಗೆ ಮುರಿಯುವವರು ‘ಏನು ಮಾಡಿದರೂ ಬಿಗಿತ ಹೋಗದು’ ಎನ್ನುವುದಕ್ಕೆ ಬಹುಶಃ ಇದೇ ಕಾರಣ.

ಕ್ರಮ ಹೀಗೆ. ಒಳಮೈಗಾಗಿ ಒಂದು ಕೈಯನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಿ, ಮೊಣಕೈಯನ್ನು ನೇರ ಮಾಡಿ, ಅಂಗೈಯನ್ನು ಮೇಲ್ಮುಖವಾಗಿಸಿರಿ. ಇನ್ನೊಂದು ಕೈಯಿಂದ ಅಂಗೈಯೊಡನೆ ಬೆರಳುಗಳನ್ನೂ ಹಿಡಿದು, ಬೆರಳ ತುದಿ ನೆಲದ ಕಡೆಗೆ ತಿರುಗುವಂತೆ ನಿಧಾನವಾಗಿ ಕೆಳಕ್ಕೆ ಎಳೆಯಿರಿ. ಮುಂದೋಳಿನ ಒಳಮೈಯಲ್ಲಿ ಹದವಾದ ಸೆಳೆತ ತಿಳಿದಾಗ ಅಲ್ಲಿಯೇ ನಿಲ್ಲಿಸಬೇಕು. ಹೊರಮೈಗಾಗಿ ಅದೇ ಕೈಯ ಅಂಗೈಯನ್ನು ಕೆಳಮುಖ ಮಾಡಿ, ಬೆರಳುಗಳನ್ನು ಸಡಿಲವಾಗಿ ಮುಷ್ಟಿಯಂತೆ ಮಡಚಿ, ಇನ್ನೊಂದು ಕೈಯಿಂದ ಮುಷ್ಟಿಯನ್ನು ಕೆಳಕ್ಕೂ ತುಸು ಕಿರುಬೆರಳಿನ ಕಡೆಗೂ ಬಾಗಿಸಬೇಕು. ಇಲ್ಲಿಯೂ ಮೊಣಕೈ ನೇರವಾಗಿರತಕ್ಕದ್ದು. ಎದೆಯ ಮುಂದೆ ನಮಸ್ಕಾರದಂತೆ ಕೈಜೋಡಿಸಿ, ಅಂಗೈಗಳು ಅಗಲದಂತೆ ಅವನ್ನು ಹೊಟ್ಟೆಯ ಕಡೆಗೆ ಇಳಿಸುವ ರೂಢಿಯೂ ಉಂಟು. ಮೊಣಕೈ ಮಡಚಿರುವುದರಿಂದ ಅದರಲ್ಲಿ ಕೆಲವು ಸ್ನಾಯುಗಳಿಗೆ ಸೆಳೆತ ಕಡಿಮೆ. ಮಗ್ಗದ ಬದಿಯಲ್ಲಿಯೂ ಬೆಂಚಿನ ನಡುವೆಯೂ ಕೈಚಾಚಲು ಎಡೆಯಿಲ್ಲದವರಿಗೆ ಅದು ಸಾಕು.

ಎಷ್ಟು ಹೊತ್ತು ಹಿಡಿಯಬೇಕು? ಇಲ್ಲಿ ನಮ್ಮ ಶಾಸ್ತ್ರ ಸ್ವಲ್ಪ ನೆರವಾಗುತ್ತದೆ. 1678ರಲ್ಲಿ ರಾಬರ್ಟ್ ಹೂಕ್ ಪ್ರಕಟಿಸಿದ ನಿಯಮದಂತೆ ಸ್ಪ್ರಿಂಗು ಎಳೆದಷ್ಟೇ ಹಿಗ್ಗುತ್ತದೆ, ಬಿಟ್ಟೊಡನೆ ಮೊದಲಿನಂತಾಗುತ್ತದೆ. ಹೊತ್ತಿನ ಗೊಡವೆ ಅದಕ್ಕಿಲ್ಲ. ಖಾನಾಪುರದ ಹಸಿಮಣ್ಣಾದರೋ ಒತ್ತಿದಲ್ಲಿಗೆ ಹೋಗಿ ಅಲ್ಲಿಯೇ ಉಳಿಯುತ್ತದೆ. ಸ್ನಾಯು ಇವೆರಡರ ನಡುವಣ ಜಾತಿ. ಅದರ ಗುಣವನ್ನು ತಿಳಿಯಲು ಹೋಳಿಗೆಯ ಕಣಕಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಹೊಳೆಯದು. ಕಣಕವನ್ನು ಎಳೆದು ಕೂಡಲೇ ಬಿಟ್ಟರೆ ಬಹಳಷ್ಟು ಹಿಂದಕ್ಕೆ ಸರಿಯುತ್ತದೆ. ಎಳೆದು ತುಸು ಹೊತ್ತು ಹಾಗೆಯೇ ಹಿಡಿದರೆ ಕೈಗೆ ತಿಳಿಯುವ ಸೆಳೆತ ಮೆಲ್ಲಮೆಲ್ಲನೆ ಇಳಿಯುತ್ತದೆ. ಬಿಟ್ಟಾಗ ಮೊದಲಿನಷ್ಟು ಹಿಂದೆ ಬಾರದು. ಸ್ಪ್ರಿಂಗಿನ ಗುಣವೂ ಗಟ್ಟಿ ಎಣ್ಣೆಯ ಗುಣವೂ ಕೂಡಿದ ಇಂತಹ ಪದಾರ್ಥಗಳಲ್ಲಿ ಸೆಳೆತವು ಕಾಲದೊಡನೆ ಇಳಿಯುವ ಗಣಿತವನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿಯೇ ಸೂಚಿಸಿದ್ದ. ವಿದ್ಯುತ್ತು ಮತ್ತು ಬೆಳಕಿನ ಮ್ಯಾಕ್ಸ್‌ವೆಲ್ಲನೇ ಈತ ಎಂದರೆ ಪದವಿ ತರಗತಿಯವರಿಗೆ ಸಂತೋಷವಾದೀತು.

ಅಮೆರಿಕದಲ್ಲಿ ಟೇಲರ್ ಮತ್ತು ಸಂಗಡಿಗರು 1990ರಲ್ಲಿ ಮೊಲದ ಕಾಲಿನ ಸ್ನಾಯುಗಳನ್ನು ಯಂತ್ರದಲ್ಲಿ ಎಳೆದು ಹಿಡಿದು ಇದನ್ನು ಅಳೆದರು. ಸೆಳೆತದ ಇಳಿತ ಹೆಚ್ಚಾಗಿ ಆಗುವುದು ಮೊದಲ 12ರಿಂದ 18 ಸೆಕೆಂಡುಗಳಲ್ಲಿ. ಹತ್ತು ಸಲ ಎಳೆದರೆ ಲಾಭದ ಬಹುಪಾಲು ಮೊದಲ ನಾಲ್ಕು ಎಳೆತಗಳಲ್ಲಿಯೇ ಮುಗಿಯುತ್ತದೆ ಎಂದು ಕಂಡುಬಂತು. ಮೊಲದ ಕಾಲಿನಿಂದ ಮನುಷ್ಯನ ತೋಳಿಗೆ ನೇರವಾಗಿ ಹಾರುವುದು ಸಲ್ಲದಾದರೂ, ಒಂದೊಂದು ಸಲ 15ರಿಂದ 30 ಸೆಕೆಂಡು, ಮೂರು ನಾಲ್ಕು ಸಲ ಎಂಬ ವಾಡಿಕೆ ಈ ಅಳತೆಗೆ ಹೊಂದುತ್ತದೆ. ಅರ್ಧಗಂಟೆ ಜಗ್ಗಿ ಕುಳಿತರೆ ಆ ಪಟ್ಟು ಹೆಚ್ಚು ಫಲ ಸಿಗುತ್ತದೆಂದು ಭಾವಿಸಬೇಕಿಲ್ಲ. ಎಳೆತ ನಿಧಾನವಾಗಿರಬೇಕು ಎಂಬುದಕ್ಕೂ ಕಾರಣವುಂಟು. ಸ್ನಾಯುವನ್ನು ಹಠಾತ್ತನೆ ಎಳೆದರೆ ನರಮಂಡಲವು ಅದನ್ನು ಕೂಡಲೇ ಸಂಕೋಚಿಸುವ ಆಜ್ಞೆ ಕಳುಹಿಸುತ್ತದೆ. ವೈದ್ಯರು ಮೊಣಕಾಲಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದು ಇದೇ ಪ್ರತಿಕ್ರಿಯೆಯಿಂದ. ಈ ಪ್ರತಿಕ್ರಿಯೆಯನ್ನು ಲಿಡೆಲ್ ಮತ್ತು ಶೆರಿಂಗ್ಟನ್ 1924ರಲ್ಲಿ ವಿವರಿಸಿದರು. ಕುಲುಕಿ ಕುಲುಕಿ ಜಗ್ಗುವವನು ಸ್ನಾಯುವಿಗೆ ಸಡಿಲಾಗೆಂದು ಹೇಳುತ್ತ ಬಿಗಿಯುವಂತೆ ಕೆಣಕುತ್ತಾನೆ.

ಸ್ನಾಯುವಿನ ಒಳಗಿರುವ ಸ್ಪ್ರಿಂಗು ಯಾವುದು ಎಂಬ ಕುತೂಹಲ ಸಹಜ. ಸ್ನಾಯು ಸಂಕೋಚಿಸುವುದು ಸಪೂರ ಎಳೆಗಳು ದಪ್ಪ ಎಳೆಗಳ ನಡುವೆ ಜಾರುವುದರಿಂದ ಎಂದು ಆಂಡ್ರೂ ಹಕ್ಸ್‌ಲಿ ಮತ್ತು ಹ್ಯೂ ಹಕ್ಸ್‌ಲಿ 1954ರಲ್ಲಿ, ಬೇರೆಬೇರೆ ತಂಡಗಳಲ್ಲಿ ದುಡಿದು, ಏಕಕಾಲಕ್ಕೆ ತೋರಿಸಿದರು. (ಹೆಸರು ಒಂದಾದರೂ ಇವರು ನೆಂಟರಲ್ಲ.) ಆ ಎಳೆಗಳನ್ನು ಸಾಲು ತಪ್ಪದಂತೆ ಹಿಡಿದು, ಹಿಗ್ಗಿದಾಗ ಹಿಂದಕ್ಕೆ ಸೆಳೆಯುವ ಟೈಟಿನ್ ಎಂಬ ಪ್ರೋಟೀನು 1970ರ ದಶಕದಲ್ಲಿ ಬೆಳಕಿಗೆ ಬಂತು. ಮಾನವ ಶರೀರದ ಪ್ರೋಟೀನುಗಳಲ್ಲೆಲ್ಲ ಅದೇ ದೈತ್ಯ. ಅದರ ಜೊತೆಗೆ ಸ್ನಾಯುವನ್ನು ಸುತ್ತುವ ಪೊರೆಗಳೂ ಸೆಳೆತವನ್ನು ಹೊರುತ್ತವೆ.

ಇಲ್ಲಿ ಒಂದು ಭ್ರಮೆಯನ್ನು ತೊಡೆಯಬೇಕು. ನಾಲ್ಕು ದಿನ ಹಿಗ್ಗಿಸಿದರೆ ಸ್ನಾಯು ಉದ್ದವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಡೆನ್ಮಾರ್ಕಿನಲ್ಲಿ ಮ್ಯಾಗ್ನುಸ್ಸನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಮೂರು ವಾರ ತೊಡೆಯ ಹಿಂಬದಿಯ ಸ್ನಾಯುವನ್ನು ಹಿಗ್ಗಿಸಿದರು. ಕೀಲು ಮೊದಲಿಗಿಂತ ಹೆಚ್ಚು ಬಾಗತೊಡಗಿತು, ನಿಜ. ಆದರೆ ಅದೇ ಕೋನದಲ್ಲಿ ಅಳೆದಾಗ ಸ್ನಾಯುವಿನ ಸೆಳೆತ ಹಿಂದಿನಷ್ಟೇ ಇತ್ತು. ಬದಲಾದುದು ಸೆಳೆತವನ್ನು ತಾಳುವ ಶಕ್ತಿ. ಹಾಗಾದರೆ ನಮಗೆ ಅನುಭವಕ್ಕೆ ಬರುವ ಬಿಗಿತವೂ ಉಪಕರಣ ಅಳೆಯುವ ಬಿಗಿತವೂ ಒಂದೇ ಅಲ್ಲ. ದುಡಿದ ಸ್ನಾಯುವಿನೊಳಗೆ ರಕ್ತದ ನೀರಿನಂಶ ಹೆಚ್ಚಾಗಿ ಸೇರಿ ಅದು ತುಸು ಉಬ್ಬಿರುತ್ತದೆ. ಬಹಳ ಹೊತ್ತು ಬಿಗಿಹಿಡಿದಾಗ ರಕ್ತದ ಹರಿವು ಕುಂದಿರುತ್ತದೆ. ಹಿಗ್ಗಿಸುವಾಗ ಮಾಡುವ ಮೊದಲ ಉಪಕಾರವೆಂದರೆ ಹಿಡಿದುದನ್ನು ಬಿಡುವುದು. ಪರೀಕ್ಷೆಯ ನಡುವೆ ಪೆನ್ನು ಕೆಳಗಿಟ್ಟು ಅರ್ಧ ನಿಮಿಷ ಕೈಚಾಚಿದವನಿಗೆ ದೊರೆಯುವ ಹಾಯಿಯಲ್ಲಿ ಚಾಚಿದುದರ ಪಾಲೆಷ್ಟು, ಪೆನ್ನು ಇಟ್ಟುದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಹೆಚ್ಚು. ಕಠಿಣ ವ್ಯಾಯಾಮದ ಮರುದಿನ ಕಾಣುವ ಮೈಕೈ ನೋವನ್ನು ಹಿಗ್ಗಿಸುವಿಕೆ ಗಮನಾರ್ಹವಾಗಿ ತಗ್ಗಿಸುವುದಿಲ್ಲ ಎಂಬುದು 2011ರಲ್ಲಿ ಹಲವು ಪರೀಕ್ಷೆಗಳನ್ನು ಕೂಡಿಸಿ ಮಾಡಿದ ವಿಮರ್ಶೆಯ ತೀರ್ಮಾನ. ತಾಲೀಮಿನ ಪೈಲವಾನರಿಗೆ ಈ ಮಾತು ರುಚಿಸದಿರಬಹುದು.

ಇನ್ನು ಎಚ್ಚರಿಕೆಯ ಮಾತು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳು ಎರಡು ಸಾಲಾಗಿ ಸೇರಿ ಒಂದು ಕಮಾನನ್ನು ಕಟ್ಟಿವೆ. ಕಮಾನಿನ ಬಾಯಿಗೆ ಅಡ್ಡಲಾಗಿ ಗಟ್ಟಿಯಾದ ಒಂದು ಪಟ್ಟಿ ಹಬ್ಬಿದೆ. ಹೀಗೆ ಉಂಟಾದ ಇಕ್ಕಟ್ಟಿನ ಸುರಂಗದಲ್ಲಿ ಒಂಬತ್ತು ಕಂಡರಗಳು ಹಾಯುತ್ತವೆ; ಅವುಗಳ ನಡುವೆ ಒಂದು ನರವೂ ಹಾಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟರ ಸ್ಪರ್ಶಜ್ಞಾನ ಈ ನರದ್ದು. ಸುರಂಗದೊಳಗೆ ಒತ್ತಡ ಏರಿದರೆ ಹಿಚುಕಿಹೋಗುವುದೂ ಇದೇ. 1981ರಲ್ಲಿ ಗೆಲ್ಬರ್‌ಮನ್ ಮತ್ತು ಸಂಗಡಿಗರು ಈ ಒತ್ತಡವನ್ನೇ ಅಳೆದರು. ಆರೋಗ್ಯವಂತರಲ್ಲಿ ಮಣಿಕಟ್ಟು ನೇರವಾಗಿದ್ದಾಗ ಅದು ಸರಾಸರಿ ಎರಡೂವರೆ ಮಿಲಿಮೀಟರ್ ಪಾದರಸದಷ್ಟು. ಮಣಿಕಟ್ಟನ್ನು ಪೂರ್ತಿ ಒಳಕ್ಕೋ ಹೊರಕ್ಕೋ ಬಾಗಿಸಿದಾಗ 30ರ ಆಸುಪಾಸು. ನರ ಹಿಚುಕಿದ ರೋಗಿಗಳಲ್ಲಿ ನೇರವಾಗಿದ್ದಾಗಲೇ 32. ಬಾಗಿಸಿದಾಗ 90ನ್ನೂ 100ನ್ನೂ ಮುಟ್ಟುತ್ತಿತ್ತು.

ನಾವು ಮೇಲೆ ಹೇಳಿದ ಭಂಗಿಗಳನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಮಣಿಕಟ್ಟನ್ನು ಪೂರ್ತಿ ಬಾಗಿಸಿ ಹಿಡಿಯುವುದು ದಣಿದ ಸ್ನಾಯುವಿಗೆ ಹಿತ. ನರ ಹಿಚುಕಿದ ಕೈಗೆ ಅದೇ ಹಿಂಸೆ. ಫ್ಯಾಲೆನ್ ಎಂಬ ವೈದ್ಯರ ಹೆಸರಿನ ಪರೀಕ್ಷೆಯಲ್ಲಿ ಮಣಿಕಟ್ಟನ್ನು ಒಳಕ್ಕೆ ಬಾಗಿಸಿ ಒಂದು ನಿಮಿಷ ಹಿಡಿಯಲು ಹೇಳುತ್ತಾರೆ. ಆ ಹೊತ್ತಿನಲ್ಲಿ ಬೆರಳುಗಳು ಜುಮುಗುಟ್ಟಿದರೆ ರೋಗದ ಶಂಕೆ ಬಲವಾಗುತ್ತದೆ. ಹೊರಮೈಯನ್ನು ಹಿಗ್ಗಿಸುವ ಭಂಗಿ ಹೆಚ್ಚು ಕಡಿಮೆ ಅದೇ ಅಲ್ಲವೆ? ಆದುದರಿಂದ ಹಿಗ್ಗಿಸುವಾಗ ಮುಂದೋಳಿನ ಮಾಂಸದಲ್ಲಿ ಸೆಳೆತ ತಿಳಿದರೆ ಸರಿ. ಬೆರಳ ತುದಿಗಳಲ್ಲಿ ಜುಮುಗುಟ್ಟಿದರೆ, ಮರಗಟ್ಟಿದರೆ, ಮಿಂಚು ಹರಿದಂತಾದರೆ ಕೂಡಲೇ ಬಿಡಬೇಕು. ರಾತ್ರಿ ನಿದ್ದೆಯಿಂದೆದ್ದು ಕೈಕೊಡವುವಂತಾಗುವುದು, ಗುಂಡಿ ಹಾಕಲು ತಡವರಿಸುವುದು, ಲೋಟ ಕೈಜಾರುವುದು, ಇವು ಸ್ನಾಯುವಿನ ಬಿಗಿತದ ಲಕ್ಷಣಗಳಲ್ಲ. ಮನೆಗಳಲ್ಲಿ ಇಂತಹ ಕೈಯನ್ನು ‘ದುಡಿದು ದಣಿದಿದೆ’ ಎಂದು ತಿಂಗಳುಗಟ್ಟಲೆ ತಿಕ್ಕುವುದನ್ನು ನಾವು ಕಂಡಿದ್ದೇವೆ. ಬಹುಕಾಲ ಹಿಚುಕಿದ ನರದಿಂದ ಹೆಬ್ಬೆರಳಿನ ಬುಡದ ಮಾಂಸ ಕರಗತೊಡಗಿದರೆ, ಆಮೇಲೆ ಚಿಕಿತ್ಸೆ ಮಾಡಿಸಿದರೂ ಅದು ಪೂರ್ತಿ ಮರಳದೆ ಹೋಗಬಹುದು. ರೊಟ್ಟಿ ಬಡಿಯುವ ಕೈಗೂ ತಿಗರಿಯ ಮುಂದಿನ ಕೈಗೂ ಹೆಬ್ಬೆರಳು ಹೋದರೆ ಹೊಟ್ಟೆಯ ಪಾಡೇ ಹೋದಂತೆ. ಅಂತಹವರು ಬೇಗನೆ ವೈದ್ಯರನ್ನು ಕಾಣುವುದು ಅಗತ್ಯ.

ಅಲ್ಲಿ ವೈದ್ಯರು ಮೊದಲು ಕೊಡುವುದು ಅನೇಕ ಸಲ ಔಷಧವನ್ನಲ್ಲ, ಒಂದು ಪಟ್ಟಿಯನ್ನು. ರಾತ್ರಿ ಮಲಗುವಾಗ ಅದನ್ನು ಕಟ್ಟಿಕೊಂಡರೆ, ನಿದ್ದೆಯಲ್ಲಿ ಕೈಯನ್ನು ತಲೆಯ ಕೆಳಗಿಟ್ಟರೂ ಕೆನ್ನೆಯ ಕೆಳಗಿಟ್ಟರೂ ಮಣಿಕಟ್ಟು ಬಾಗದೆ ನೇರವಾಗಿರುತ್ತದೆ. ಸುರಂಗದೊಳಗಿನ ಪಾದರಸ ಅತ್ಯಂತ ಕೆಳಗಿಳಿಯುವುದು ಆ ಸ್ಥಿತಿಯ ಆಸುಪಾಸಿನಲ್ಲಿಯೇ.